ಹಳೇ ಬೈಕಿಗೆ ಯಾವ ಸ್ಪಾರ್ಕ್ ಪ್ಲಗ್? ‘ಹಾಟ್’–‘ಕೋಲ್ಡ್’ ಲೆಕ್ಕ ಇಷ್ಟೇ

(ಪಾಡ್‌ಕಾಸ್ಟ್‌ನ ಬರಹ ರೂಪ)

ಇವತ್ತಿನ ಪ್ರಶ್ನೆ ಬಂದಿರೋದು ಕಡೂರು ತಾಲ್ಲೂಕಿನ ಹಿರೇನಲ್ಲೂರಿನಿಂದ. ಕೇಳುಗರೊಬ್ಬರ ಮನೆಯಲ್ಲಿ ಅಪ್ಪನ ಕಾಲದ ಯೆಜ್ಡಿ ಇದೆ. ದಿನಾ ಮನೆಯಿಂದ ತೋಟಕ್ಕೆ, ತೋಟದಿಂದ ಮನೆಗೆ ಓಡಾಟ. ಎರಡು ವಾರಕ್ಕೇ ಪ್ಲಗ್ ಕಪ್ಪಾಗಿ ಗಾಡಿ ಸ್ಟಾರ್ಟ್ ಆಗಲ್ಲ. ‘ಹಾಟ್ ಪ್ಲಗ್ ಹಾಕಿಸಿ, ಸರಿ ಹೋಗುತ್ತೆ’ ಅಂತ ಯಾರೋ ಹೇಳಿದ್ದಾರಂತೆ. ಹಾಕಿಸಬಹುದಾ ಅನ್ನೋದು ಪ್ರಶ್ನೆ.

ಹಾಕಿಸಬಹುದು. ಆದರೆ ಅದು ಕೊನೆಯ ಹೆಜ್ಜೆ, ಮೊದಲನೆಯದಲ್ಲ. ಪ್ಲಗ್ ತೀರಾ ಕೋಲ್ಡ್ ಆದರೆ ನೀವು ಗಾಡಿ ತಳ್ಳಬೇಕಾಗುತ್ತೆ, ಅಷ್ಟೇ. ತೀರಾ ಹಾಟ್ ಆದರೆ ಪಿಸ್ಟನ್ನೇ ತೂತಾಗಬಹುದು. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಅಂಥ ಗಾಡಿಯ ಎಂಜಿನ್ ವಿಷಯದಲ್ಲಿ ‘ನೋಡೋಣ, ಹಾಕಿ’ ಅನ್ನೋ ಧೋರಣೆ ದುಬಾರಿಯಾಗುತ್ತೆ.

ಹಾಟ್ ಅಂದ್ರೆ ಜೋರು ಕಿಡಿ ಅಲ್ಲ

ಹಾಟ್ ಪ್ಲಗ್ ಹಾಕಿದರೆ ಕಿಡಿ ಜೋರಾಗುತ್ತೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಹೀಟ್ ರೇಂಜ್ ಅನ್ನೋದು ಪ್ಲಗ್ ತನ್ನ ತುದಿಯ ಬಿಸಿಯನ್ನು ಎಷ್ಟು ಬೇಗ ಎಂಜಿನ್ ಹೆಡ್‌ಗೆ ದಾಟಿಸುತ್ತೆ ಅನ್ನೋದರ ಅಳತೆ.

ಅಡಿಕೆ ತೋಟದ ಬಸಿಗಾಲುವೆ ನೆನಪಿಸಿಕೊಳ್ಳಿ. ದಾರಿ ಗಿಡ್ಡ ಇದ್ದರೆ ನೀರು ಬೇಗ ಬಸಿದು ಹೋಗುತ್ತೆ, ಉದ್ದ ಇದ್ದರೆ ನಿಧಾನ. ಪ್ಲಗ್‌ನ ಒಳಗಿನ ಬಿಳಿ ಪಿಂಗಾಣಿ ಮೂತಿ ಉದ್ದ ಇದ್ದರೆ ಬಿಸಿ ನಿಧಾನವಾಗಿ ಇಳಿಯುತ್ತೆ, ಅದು ಹಾಟ್ ಪ್ಲಗ್. ಮೂತಿ ಗಿಡ್ಡ ಇದ್ದರೆ ಬೇಗ ಇಳಿಯುತ್ತೆ, ಅದು ಕೋಲ್ಡ್.

ಪ್ಲಗ್ ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಂಟಿದ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತೆ. 850ರಿಂದ 900 ಡಿಗ್ರಿ ಮೀರಿತೋ, ಕಿಡಿ ಹಾರುವ ಮೊದಲೇ ಕೆಂಡದಂತಾದ ತುದಿಯಿಂದ ಪೆಟ್ರೋಲ್ ಹೊತ್ತಿಕೊಳ್ಳಬಹುದು. ಪಿಸ್ಟನ್ ಕರಗೋದು ಹೀಗೆ. ಒಂದು ಹೀಟ್ ರೇಂಜ್ ಬದಲಿಸಿದರೆ ತುದಿಯ ತಾಪ ಸುಮಾರು 70ರಿಂದ 100 ಡಿಗ್ರಿ ಆಚೀಚೆ ಆಗುತ್ತೆ. ಒಂದು ಅಂಕಿಯ ವ್ಯತ್ಯಾಸ ಸಣ್ಣದಲ್ಲ.

ನಂಬರ್ ಗೊಂದಲ

ಎನ್‌ಜಿಕೆ ಮತ್ತು ಡೆನ್ಸೊ ಪ್ಲಗ್‌ಗಳಲ್ಲಿ ಅಂಕಿ ಹೆಚ್ಚಾದಷ್ಟೂ ಕೋಲ್ಡ್. ಎನ್‌ಜಿಕೆ 7ಕ್ಕಿಂತ 8 ಕೋಲ್ಡ್. ಈಗಿನ ಬಾಷ್ ಮತ್ತು ಚಾಂಪಿಯನ್‌ನಲ್ಲಿ ಉಲ್ಟಾ, ಅಂಕಿ ಹೆಚ್ಚಾದಷ್ಟೂ ಹಾಟ್.

ನಮ್ಮ ಹಳೇ ಗಾಡಿಗಳಿಗೆ ಇನ್ನೊಂದು ತೊಡಕಿದೆ. ಬೆಂಗಳೂರಿನ ಮೈಕೋ, ಅಂದರೆ 2008ರಿಂದ ಬಾಷ್ ಲಿಮಿಟೆಡ್ ಆಗಿರುವ ಕಂಪನಿಯ ಹಳೇ ಪ್ಲಗ್‌ಗಳಲ್ಲಿ 175, 225 ಅಂತ ಮೂರಂಕಿ ಇರುತ್ತಿತ್ತು. ಅಲ್ಲಿ ದೊಡ್ಡ ಅಂಕಿಯೇ ಕೋಲ್ಡ್. ಹಳೇ 175 ಅಂದರೆ ಬಾಷ್‌ನ ಈಗಿನ 7, ಹಳೇ 225 ಅಂದರೆ 5. ಹಾಗಾಗಿ ಅಂಕಿ ನೋಡಿ ಅಂದಾಜು ಮಾಡಬೇಡಿ. ಗಾಡಿಯ ಮ್ಯಾನ್ಯುಯಲ್‌ನಲ್ಲಿರೋ ನಂಬರ್ ಬರೆದುಕೊಂಡು ಹೋಗಿ, ಕಂಪನಿಯ ಪಟ್ಟಿಯಲ್ಲಿ ಅದಕ್ಕೆ ಸಮನಾದದ್ದನ್ನು ಹುಡುಕಿಸಿ. ಥ್ರೆಡ್‌ನ ದಪ್ಪ, ಉದ್ದ ಎರಡೂ ಹೊಂದಬೇಕು. ಥ್ರೆಡ್ ಉದ್ದ ಹೆಚ್ಚಾದರೆ ಪ್ಲಗ್ ಪಿಸ್ಟನ್‌ಗೇ ಬಡಿಯಬಹುದು.

ಮೊದಲು ಪ್ಲಗ್ ಓದಿ

ಮ್ಯಾನ್ಯುಯಲ್ ಹೇಳಿದ ಹೊಸ ಪ್ಲಗ್ ಹಾಕಿ. ವಾಷರ್ ಇರುವ ಹೊಸ ಪ್ಲಗ್ ಆದರೆ ಕೈಯಲ್ಲೇ ಪೂರ್ತಿ ತಿರುಗಿಸಿ, ಆಮೇಲೆ ಪಾನಾದಲ್ಲಿ ಸುಮಾರು ಅರ್ಧ ಸುತ್ತು ಬಿಗಿ ಮಾಡಿದರೆ ಸಾಕು. ಸಡಿಲ ಇದ್ದರೆ ಬಿಸಿ ಹೆಡ್‌ಗೆ ದಾಟಲ್ಲ, ಸರಿಯಾದ ಪ್ಲಗ್ ಕೂಡ ಹಾಟ್ ಪ್ಲಗ್‌ನಂತೆ ವರ್ತಿಸುತ್ತೆ.

ನಂತರ ಹತ್ತು–ಹದಿನೈದು ಕಿಲೋಮೀಟರ್ ಒಳ್ಳೇ ವೇಗದಲ್ಲಿ ಓಡಿಸಿ, ಖಾಲಿ ರಸ್ತೆಯಲ್ಲಿ ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ, ಗಾಡಿ ನಿಲ್ಲಿಸಿ. ಎಂಜಿನ್ ಸ್ವಲ್ಪ ಆರಿದ ಮೇಲೆ ಪ್ಲಗ್ ಬಿಚ್ಚಿ. ಮನೆ ಮುಂದೆ ಐಡಲ್‌ನಲ್ಲಿ ನಿಂತ ಗಾಡಿಯ ಪ್ಲಗ್ ಯಾವಾಗಲೂ ಕಪ್ಪಗೇ ಕಾಣುತ್ತೆ, ಅದನ್ನು ನಂಬಬೇಡಿ.

ತಿಳಿ ಕಂದು ಬಣ್ಣ ಇದ್ದರೆ ಎಲ್ಲಾ ಸರಿ. ಒಣ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಏರ್ ಫಿಲ್ಟರ್, ಚೋಕ್, ಕಾರ್ಬುರೇಟರ್ ನೋಡಿಸಿ. ಎಣ್ಣೆ ಜಿಡ್ಡಿದ್ದರೆ ಟು–ಸ್ಟ್ರೋಕ್ ಗಾಡಿಯಲ್ಲಿ ಆಯಿಲ್ ಅಳತೆ ತಪ್ಪಿದೆ, ಇಲ್ಲವೇ ಕ್ರ್ಯಾಂಕ್ ಸೀಲ್ ಹೋಗಿ ಗೇರ್‌ಬಾಕ್ಸ್ ಆಯಿಲ್ ಒಳಗೆ ಬರುತ್ತಿದೆ. ಇದ್ಯಾವುದನ್ನೂ ಹಾಟ್ ಪ್ಲಗ್ ವಾಸಿ ಮಾಡಲ್ಲ, ಮುಚ್ಚಿಡುತ್ತೆ ಅಷ್ಟೇ.

ಬಿಳಿಚಿಕೊಂಡು ಗುಳ್ಳೆ ಎದ್ದಿದ್ದರೆ, ಸಣ್ಣ ಲೋಹದ ಮಣಿ ಅಂಟಿದ್ದರೆ ಗಾಡಿ ಓಡಿಸೋದು ನಿಲ್ಲಿಸಿ. ಎಲ್ಲೋ ಗಾಳಿ ಎಳೆಯುತ್ತಿದೆ, ಟೈಮಿಂಗ್ ಮುಂದಿದೆ, ಇಲ್ಲವೇ ಪ್ಲಗ್ ತೀರಾ ಹಾಟ್. ಈಗಿನ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್‌ನಲ್ಲಿ ಹಳೇ ಕಾರ್ಬುರೇಟರ್ ಎಂಜಿನ್ ಸ್ವಲ್ಪ ಲೀನ್ ಆಗಿಯೇ ಓಡುತ್ತೆ. ಹಾಟ್ ಕಡೆ ಹೋಗುವಾಗ ಹುಷಾರಾಗಿರಬೇಕು ಅನ್ನೋದಕ್ಕೆ ಇದೂ ಒಂದು ಕಾರಣ.

ಕಷ್ಟದ ಓಟಕ್ಕೆ ತಕ್ಕ ಪ್ಲಗ್

ಇನ್ನು ಹಿರೇನಲ್ಲೂರಿನ ಗಾಡಿಗೆ ಬರೋಣ. ಎರಡು ಕಿಲೋಮೀಟರ್ ಓಡಿ ನಿಲ್ಲೋ ಎಂಜಿನ್‌ನ ಪ್ಲಗ್ 450 ಡಿಗ್ರಿ ಮುಟ್ಟೋದೇ ಕಷ್ಟ. ಮೇಲಿನದ್ದೆಲ್ಲಾ ಸರಿ ಇದ್ದೂ ಮಸಿ ಕಟ್ಟುತ್ತಿದ್ದರೆ, ವಾರಕ್ಕೊಮ್ಮೆ ಬೀರೂರಿನ ತನಕ ಒಂದೇ ಓಟ ಹೊಡೆಸಿ ನೋಡಿ. ಆಗಲೂ ಸರಿ ಹೋಗದಿದ್ದರೆ ಒಂದೇ ಒಂದು ರೇಂಜ್ ಹಾಟ್ ಹಾಕಿ, ಮತ್ತೆ ಪ್ಲಗ್ ಓದಿ.

ಆದರೆ ಅದೇ ಗಾಡಿಯಲ್ಲಿ ಇಬ್ಬರು ಕೂತು ಲಿಂಗದಹಳ್ಳಿ ದಾರಿಯಲ್ಲಿ ಕೆಮ್ಮಣ್ಣುಗುಂಡಿ ಹತ್ತೋ ದಿನ ಹಾಟ್ ಪ್ಲಗ್ ಬಿಚ್ಚಿ, ಮ್ಯಾನ್ಯುಯಲ್ ಹೇಳಿದ್ದನ್ನೇ ಹಾಕಿ. ಗಾಡಿಯಲ್ಲಿ ಒಂದೇ ಪ್ಲಗ್ ಇರಬೇಕು ಅಂದರೆ, ಗಾಡಿ ಪಡುವ ಅತಿ ಕಷ್ಟದ ಓಟಕ್ಕೆ ತಕ್ಕದ್ದನ್ನು ಆರಿಸಿ, ಅತಿ ಸುಲಭದ್ದಕ್ಕಲ್ಲ. ಮಸಿ ಕಟ್ಟಿದ ಪ್ಲಗ್ ಬ್ರಷ್‌ನಲ್ಲಿ ಉಜ್ಜಿದರೆ ಹೋಗುತ್ತೆ. ತೂತಾದ ಪಿಸ್ಟನ್‌ಗೆ ಅಂಥ ಉಪಾಯ ಇಲ್ಲ.

ನಿಮ್ಮ ಹಳೇ ಗಾಡಿಯ ಪ್ರಶ್ನೆ ಇದ್ದರೆ ಕಳಿಸಿ.