ಗಾಜಿನ ಮನೆಯ ಮುಂಗೋಪಿಗಳು

ಪೇಟೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಮನೆಗೆ ಬರುವ ಆಸ್ಕರ್ ಮೀನಿನ ಮರಿ ಎರಡು ಅಂಗುಲ ಉದ್ದವಿದ್ದರೆ ಹೆಚ್ಚು. ಕಪ್ಪು ಮೈಮೇಲೆ ಕೇಸರಿ ಬಣ್ಣದ ಚಿತ್ತಾರ, ಅನ್ನವಿಕ್ಕುವವರನ್ನು ಗುರುತಿಸಿ ಗಾಜಿನ ಬಳಿಗೆ ಧಾವಿಸುವ ಚುರುಕುತನ. ಮಕ್ಕಳ ಮನಸ್ಸನ್ನು ಸೆಳೆಯಲು ಇಷ್ಟು ಸಾಕು. ಆದರೆ ವರುಷ ತುಂಬುವಷ್ಟರಲ್ಲಿ ಅದೇ ಮರಿ ಹತ್ತು ಅಂಗುಲದ ಆಸುಪಾಸಿಗೆ ಬೆಳೆಯುತ್ತದೆ. ಜೊತೆಗಿದ್ದ ಸಣ್ಣ ಮೀನುಗಳನ್ನು ನುಂಗುತ್ತದೆ, ನೆಟ್ಟ ಗಿಡಗಳನ್ನು ಕೀಳುತ್ತದೆ, ಹಾಸಿದ ಹರಳುಗಳನ್ನು ಬಾಯಿಯಲ್ಲಿ ಹೊತ್ತು ಬೇರೆಡೆಗೆ ಉಗುಳುತ್ತದೆ. ಆಗ ಪಾಲಕರ ಮುಂದೆ ಪ್ರಶ್ನೆ ಎದುರಾಗುತ್ತದೆ: ಇದನ್ನು ಏನು ಮಾಡುವುದು? "ಪಾಪ, ಕೆರೆಗೆ ಬಿಟ್ಟುಬಿಡೋಣ" ಎಂಬ ಮಾತು ಕರುಣೆಯ ಮಾತಿನಂತೆ ಕೇಳಿಸುತ್ತದೆ. ಅದು ನಿಜವಾಗಿ ಕರುಣೆಯೇ ಎಂಬುದನ್ನು ವಿಚಾರಿಸಬೇಕಾಗಿದೆ.

ಕೋಪದ ಮೂಲ

ಆಸ್ಕರ್ ಮೀನು ಸಿಕ್ಲಿಡ್ ಎಂಬ ದೊಡ್ಡ ಕುಲಕ್ಕೆ ಸೇರಿದೆ. ಆಫ್ರಿಕ ಮತ್ತು ಅಮೆರಿಕ ಖಂಡಗಳೇ ಈ ಕುಲದ ಮುಖ್ಯ ತವರು. ಆಸ್ಕರ್ ಅಮೆಜಾನ್ ನದಿಯದು. ರೆಡ್ ಡೆವಿಲ್ ಮೀನು ನಿಕರಾಗುವಾದ ಸರೋವರಗಳದು. ಹಣೆಯ ಮೇಲೆ ಗುಬುಟುಳ್ಳ ಫ್ಲವರ್‌ಹಾರ್ನ್ ಯಾವ ನದಿಯಲ್ಲಿಯೂ ಹುಟ್ಟಿದ್ದಲ್ಲ. 1990ರ ದಶಕದಲ್ಲಿ ಮಲೇಶಿಯಾದ ಸಾಕಣೆದಾರರು ಹಲವು ಸಿಕ್ಲಿಡ್‌ಗಳನ್ನು ಕೂಡಿಸಿ ಪಡೆದ ಮಿಶ್ರತಳಿ ಅದು. ಅದೃಷ್ಟ ತರುತ್ತದೆಂದು ಅದನ್ನು ದುಬಾರಿ ಬೆಲೆಗೆ ಮಾರುವುದುಂಟು.

ಭಾರತಕ್ಕೂ ಸ್ವಂತ ಸಿಕ್ಲಿಡ್‌ಗಳಿವೆ, ಮೂರೇ ಮೂರು. ಅವುಗಳಲ್ಲೊಂದು ದಕ್ಷಿಣ ಕನ್ನಡದ ಹೊಳೆಗಳಲ್ಲಿ ಕಾಣಸಿಗುವ ಮೀನು. 1877ರಲ್ಲಿ ಫ್ರಾನ್ಸಿಸ್ ಡೇ ಅದನ್ನು ವರ್ಣಿಸಿ ಇಟ್ರೋಪ್ಲಸ್ ಕೆನರೆನ್ಸಿಸ್ ಎಂದು ಹೆಸರಿಟ್ಟನು. ಕೆನರಾ, ಅರ್ಥಾತ್ ಕನ್ನಡ ನಾಡಿನ ಹೆಸರು ಹೊತ್ತ ಮೀನು ಅದು.

ಈ ಕುಲದ ಮೀನುಗಳು ಜಗಳಗಂಟಿಗಳಾಗಿರಲು ಕಾರಣವಿದೆ. ಬಹಳಷ್ಟು ಮೀನುಗಳು ತತ್ತಿಯಿಟ್ಟು ಹೊರಟುಹೋಗುತ್ತವೆ. ಸಿಕ್ಲಿಡ್‌ಗಳು ಹಾಗಲ್ಲ, ತತ್ತಿಯನ್ನೂ ಮರಿಯನ್ನೂ ಕಾಯುತ್ತವೆ. ಕಾಯಲು ಒಂದು ನೆಲೆ ಬೇಕು, ನೆಲೆಯೊಳಗೆ ಬಂದವರನ್ನು ಓಡಿಸಬೇಕು. ನಮಗೆ ಕ್ರೌರ್ಯವೆಂದು ತೋರುವುದು ಬಹುಮಟ್ಟಿಗೆ ಮನೆ ಕಾಯುವ ಗುಣ.

ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕಾಗಿ 1973ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಕೊನ್ರಾಡ್ ಲೊರೆನ್ಸ್ ಇಂಥದೊಂದು ಪ್ರಸಂಗವನ್ನು ಬರೆದಿದ್ದಾನೆ. ಸಂಜೆಯ ಹೊತ್ತು ಗಂಡು ಸಿಕ್ಲಿಡ್ ಒಂದು ಚದುರಿದ ಮರಿಗಳನ್ನು ಬಾಯಲ್ಲಿ ಹಿಡಿದು ಗೂಡಿಗೆ ತರುತ್ತಿತ್ತು. ಎರೆಹುಳುವಿನ ತುಣುಕನ್ನು ಅಗಿಯುತ್ತಿದ್ದಾಗಲೇ ಒಂಟಿ ಮರಿಯೊಂದು ಕಂಡಿತು. ಅದನ್ನೂ ಬಾಯೊಳಗೆ ತೆಗೆದುಕೊಂಡಿತು. ಈಗ ಬಾಯಲ್ಲಿ ಎರಡು ವಸ್ತುಗಳು: ಒಂದು ಹೊಟ್ಟೆಗೆ, ಒಂದು ಗೂಡಿಗೆ. ಮೀನು ಕ್ಷಣಕಾಲ ಸ್ತಬ್ಧವಾಯಿತು. ಬಳಿಕ ಎರಡನ್ನೂ ಉಗುಳಿ, ಮರಿಯ ಮೇಲೆ ಕಣ್ಣಿಟ್ಟೇ ಹುಳುವನ್ನು ತಿಂದು, ಆಮೇಲೆ ಮರಿಯನ್ನೆತ್ತಿಕೊಂಡು ಗೂಡಿಗೆ ಹೋಯಿತು. ನೋಡುತ್ತಿದ್ದ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರಂತೆ.

ಸಾಕುವ ಮೊದಲು

ಪೂರ್ಣ ಬೆಳೆದ ಒಂದು ಆಸ್ಕರ್‌ಗೆ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ತೊಟ್ಟಿ ಬೇಕು. ಅದರಲ್ಲಿ ಸುಮಾರು 250 ಲೀಟರ್ ನೀರು ಹಿಡಿಯುತ್ತದೆ. ನೀರಿನ ತೂಕವೇ 250 ಕಿಲೋ. ಸಾಮಾನ್ಯ ಮೇಜು ಈ ಭಾರವನ್ನು ತಾಳಲಾರದು.

ಮೀನಿನ ಮಲದಿಂದ ಅಮೋನಿಯಾ ಎಂಬ ವಿಷ ಹುಟ್ಟುತ್ತದೆ. ಸೋಸುಯಂತ್ರದಲ್ಲಿ ನೆಲೆಸುವ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿಯೂ ಬಳಿಕ ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಜೀವಿಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಹೊಸ ತೊಟ್ಟಿಗೆ ಅದೇ ದಿನ ದೊಡ್ಡ ಮೀನು ಬಿಟ್ಟರೆ ಅದು ಸಾಯುವುದು ಇದೇ ಕಾರಣದಿಂದ. ಉಳಿದ ನೈಟ್ರೇಟ್ ತೆಗೆಯಲು ವಾರಕ್ಕೊಮ್ಮೆ ಕಾಲುಭಾಗ, ಅಂದರೆ ಅರವತ್ತು ಲೀಟರಿನಷ್ಟು ನೀರು ಬದಲಿಸಬೇಕು. ನಲ್ಲಿಗೆ ದಿನಂಪ್ರತಿ ನೀರು ಬಾರದ ಸೊಲ್ಲಾಪುರದಲ್ಲಿ ಇದು ಸಣ್ಣ ಮಾತಲ್ಲ. ಹೊಸ ನೀರನ್ನು ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಆರಿಹೋಗುತ್ತದೆ. ತೆಗೆದ ನೀರನ್ನು ಚೆಲ್ಲದೆ ಹೂಗಿಡಗಳಿಗೆ ಹಾಕಿದರೆ ಗೊಬ್ಬರವಾಗುತ್ತದೆ.

ನಮ್ಮ ಬೇಸಿಗೆಯನ್ನೂ ನೆನೆಯಬೇಕು. 20 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ 9 ಮಿಲಿಗ್ರಾಂ ಪ್ರಾಣವಾಯು ಕರಗಬಲ್ಲದು. 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಏಪ್ರಿಲ್ ಮೇ ತಿಂಗಳಲ್ಲಿ ವಿದ್ಯುತ್ತು ಹೋಗಿ ಗಾಳಿಯ ಪಂಪು ನಿಂತರೆ ದೊಡ್ಡ ಮೀನೇ ಮೊದಲು ಬಳಲುತ್ತದೆ. ಬದುಕಿರುವ ಮೀನುಗಳನ್ನು ಆಹಾರವಾಗಿ ಕೊಡುವುದು ಅನಾವಶ್ಯಕ. ಅವುಗಳಿಂದ ರೋಗ ಬರುವ ಭಯವೂ ಇದೆ. ಒಣ ಗುಳಿಗೆ ಸಾಕು. ಆದರೆ ಅದರಲ್ಲಿಯೂ ಮೀನಿನ ಪುಡಿ ಇರುತ್ತದೆ ಎಂಬುದನ್ನು ಸಸ್ಯಾಹಾರಿ ಮನೆಯವರು ತಿಳಿದಿರಬೇಕು.

ಚೆನ್ನಾಗಿ ಸಾಕಿದ ಆಸ್ಕರ್ ಹತ್ತು ವರುಷಕ್ಕೂ ಹೆಚ್ಚು ಬದುಕುತ್ತದೆ. ಐದನೆಯ ಇಯತ್ತೆಯ ಬಾಲಕ ತಂದ ಮೀನು ಅವನು ಕಾಲೇಜು ಮುಗಿಸುವಾಗಲೂ ಇರಬಹುದು. ಅವನು ಊರು ಬಿಟ್ಟು ಹೋದ ಮೇಲೆ ನೀರು ಬದಲಿಸುವವರು ಯಾರೆಂಬುದನ್ನು ಇಂದೇ ಗೊತ್ತುಪಡಿಸಿಕೊಳ್ಳಬೇಕು.

ಸಂತಾನ

ಆಸ್ಕರ್‌ನಲ್ಲಿ ಗಂಡು ಹೆಣ್ಣನ್ನು ಹೊರನೋಟದಿಂದ ಗುರುತಿಸುವುದು ಕಷ್ಟ. ಐದಾರು ಮರಿಗಳನ್ನು ಒಟ್ಟಿಗೆ ಬೆಳೆಸಿದರೆ ಅವೇ ಜೋಡಿಯಾಗುತ್ತವೆ. ಆ ಮೇಲೆ ಉಳಿದವುಗಳನ್ನು ಬೇರ್ಪಡಿಸದಿದ್ದರೆ ಅವು ಪೆಟ್ಟು ತಿಂದು ಸಾಯುತ್ತವೆ. ಜೋಡಿಯೂ ಬಾಯಿಗೆ ಬಾಯಿ ಕಚ್ಚಿ ಬಲಪರೀಕ್ಷೆ ಮಾಡುತ್ತದೆ. ಒಂದು ಸೋತು ಮೂಲೆ ಸೇರಿದರೆ ನಡುವೆ ತೂತುಗಳುಳ್ಳ ತಡಿಕೆ ಇಳಿಸಬೇಕು.

ತತ್ತಿಯಿಡಲು ಚಪ್ಪಟೆ ಕಲ್ಲು ಬೇಕು. ಶಹಾಬಾದ್ ಫರಸಿ ಸುಣ್ಣದ ಕಲ್ಲಾದುದರಿಂದ ನೀರನ್ನು ಗಡುಸಾಗಿಸುತ್ತದೆ; ನಮ್ಮ ಕಡೆಯ ಕರಿಕಲ್ಲೇ ಮೇಲು. ಜೋಡಿ ಆ ಕಲ್ಲನ್ನು ಬಾಯಿಂದ ಉಜ್ಜಿ ಶುಚಿಗೊಳಿಸಿ, ಸಾವಿರಕ್ಕೂ ಮೀರಿ ತತ್ತಿಯಿಟ್ಟು ರೆಕ್ಕೆಯಿಂದ ಗಾಳಿ ಬೀಸುತ್ತದೆ. ಸುಮಾರು ಮೂರು ದಿನಗಳಲ್ಲಿ ತತ್ತಿಯೊಡೆಯುತ್ತದೆ. ವಾರದ ಸುಮಾರಿಗೆ ಮರಿಗಳು ಈಜುತ್ತವೆ. ಹೊಸ ಜೋಡಿ ಮೊದಲ ತತ್ತಿಗಳನ್ನು ತಾನೇ ತಿನ್ನುವುದು ಸಾಮಾನ್ಯ, ಗಾಬರಿ ಬೇಡ. ನಿಜವಾದ ಚಿಂತೆ ಬೇರೆ: ಸಾವಿರ ಮರಿಗಳು ಉಳಿದರೆ ಅವುಗಳಿಗೆ ಮನೆ ಎಲ್ಲಿ?

ಕೆರೆ ಯಾರದು?

ಇದಕ್ಕೆ ಉತ್ತರವಾಗಿ ಉಜನಿಯತ್ತ ನೋಡೋಣ. ನಮ್ಮವರು ಚಿಲಾಪಿಯೆಂದೂ ಕರ್ನಾಟಕದಲ್ಲಿ ಜಿಲೇಬಿಯೆಂದೂ ಕರೆಯುವ ತಿಲಾಪಿಯಾ ಸಹ ಆಫ್ರಿಕದ ಸಿಕ್ಲಿಡ್. 1952ರಲ್ಲಿ ಅದನ್ನು ಆಹಾರಕ್ಕೆಂದು ಭಾರತಕ್ಕೆ ತಂದರು. ತಾಯಿ ತತ್ತಿಗಳನ್ನು ಬಾಯಲ್ಲೇ ಇಟ್ಟು ಮರಿ ಮಾಡುವುದರಿಂದ ಬಹುಪಾಲು ಮರಿಗಳು ಉಳಿಯುತ್ತವೆ. ಇಂದು ಉಜನಿಯ ಬಲೆಗಳಲ್ಲಿ ಚಿಲಾಪಿಯದೇ ಮೇಲುಗೈ. ಮನೆಯ ತೊಟ್ಟಿಯ ಗಾಜು ನೆಕ್ಕಲೆಂದು ಮಾರುವ ಅಮೆರಿಕದ ಸಕರ್ ಮೀನು ಕೂಡ ಅಲ್ಲಿ ಸೇರಿಕೊಂಡು ಮೀನುಗಾರರ ಬಲೆ ಹರಿಯುತ್ತಿದೆ. ಒಮ್ಮೆ ನೀರು ಸೇರಿದ್ದನ್ನು ಮರಳಿ ಆರಿಸಿ ತೆಗೆಯಲು ಸಾಧ್ಯವಿಲ್ಲ. ಸೀನಾ ನದಿ ಕೂಡಲದಲ್ಲಿ ಭೀಮೆಯನ್ನು ಸೇರುತ್ತದೆ, ಭೀಮೆ ಗಾಣಗಾಪುರದತ್ತ ಹರಿಯುತ್ತದೆ. ಇಲ್ಲಿ ಬಿಟ್ಟ ಮೀನು ಅಲ್ಲಿನವರ ಬಲೆಗೂ ಬೀಳಬಹುದು.

ಆದುದರಿಂದ ಸಾಕಲಾಗದ ಮೀನನ್ನು ಅಂಗಡಿಗೆ ಮರಳಿಸಿರಿ, ಇಲ್ಲವೆ ದೊಡ್ಡ ತೊಟ್ಟಿಯುಳ್ಳ ಬೇರೊಬ್ಬರಿಗೆ ಒಪ್ಪಿಸಿರಿ. ಕೆರೆಗಾಗಲಿ ಬಾವಿಗಾಗಲಿ ಬಿಡಬೇಡಿರಿ. ಸಿದ್ಧರಾಮ ಶಿವಯೋಗಿಗಳು ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ್ದು ಸಕಲ ಜೀವಿಗಳಿಗಾಗಿ ಎಂದು ನಮ್ಮ ಮಕ್ಕಳು ಪಾಠದಲ್ಲಿ ಓದುತ್ತಾರೆ. ಆ ಕೆರೆಯ ಸಣ್ಣ ಮೀನುಗಳೂ ಆ ಸಕಲ ಜೀವಿಗಳಲ್ಲಿ ಸೇರಿವೆ.