ಕಿತ್ತ ಹೂವಿನ ಉಸಿರು, ಕುಂಡದ ಬೇರಿನ ಉಸಿರು

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಮಲ್ಲಿಗೆ, ಕನಕಾಂಬರದ ಬೆಲೆ ಗಗನಕ್ಕೇರುತ್ತದೆ. ಅಷ್ಟು ದುಡ್ಡು ಕೊಟ್ಟು ತಂದ ಮಾಲೆ ಮರುದಿನ ಪೂಜೆಯ ಹೊತ್ತಿಗೆ ಕಂದಿದ್ದರೆ ಹೂವು ಮಾರಿದವರನ್ನು ದೂರುತ್ತೇವೆ. ಗಿಡದಿಂದ ಬಿಡಿಸಿದ ಮೇಲೂ ಹೂವಿಗೆ ಜೀವವಿರುತ್ತದೆ. ಅದರ ಒಂದೊಂದು ಜೀವಕೋಶವೂ ಆಮ್ಲಜನಕ ಹೀರಿಕೊಂಡು, ತನ್ನಲ್ಲಿರುವ ಸಕ್ಕರೆಯನ್ನು ಖರ್ಚು ಮಾಡುತ್ತಾ ಉಸಿರಾಡುತ್ತಿರುತ್ತದೆ. ಗಿಡದ ನಂಟು ಕಡಿದಿರುವುದರಿಂದ ಹೊಸ ಸಕ್ಕರೆ ಬರುವಂತಿಲ್ಲ; ಇದ್ದದ್ದು ಮುಗಿಯುವವರೆಗಷ್ಟೇ ಆಯುಸ್ಸು. ಸುತ್ತಲಿನ ಉಷ್ಣತೆ ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ಈ ಖರ್ಚು ಎರಡು ಮೂರು ಪಟ್ಟಾಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟ ಮಾಲೆ ಬೇಗ ಸೋಲುವುದಕ್ಕೆ ಇದೂ ಒಂದು ಕಾರಣ.

ಉಡುಪಿ ಬಳಿಯ ಶಂಕರಪುರದ ಮಲ್ಲಿಗೆ ಬೆಳೆಗಾರರು ಈ ಲೆಕ್ಕವನ್ನು ಅನುಭವದಿಂದಲೇ ಬಲ್ಲರು. ಬೆಳಗಿನ ತಂಪಿನಲ್ಲಿ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಬಾಳೆಲೆಯಲ್ಲಿ ಸುತ್ತಿ ಕಳಿಸುತ್ತಾರೆ. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಕೊಯ್ಯುವಾಗ ಈ ಮೊಗ್ಗಿಗೆ ಪರಿಮಳವೇ ಇಲ್ಲವೆನ್ನಬಹುದು. ಸಂಜೆಯಾಗುತ್ತಾ ಎಸಳು ಬಿಚ್ಚಿಕೊಳ್ಳುವಾಗ ಲಿನಲೂಲ್, ಬೆಂಜೈಲ್ ಅಸಿಟೇಟ್ ಮುಂತಾದ ರಾಸಾಯನಿಕಗಳು ಹೊರಹೊಮ್ಮುತ್ತವೆ. ಇರುಳಿನ ಪತಂಗಗಳನ್ನು ಕರೆಯಲು ಪ್ರಕೃತಿ ಮಾಡಿಕೊಂಡ ಏರ್ಪಾಡು ಇದು. ಅಂದರೆ ಮುಡಿಯಲ್ಲಿ ಕೂತ ಮೇಲೂ ಮೊಗ್ಗು ಕೆಲಸ ಮಾಡುತ್ತಿರಬೇಕು. ಅರಳುವ ಮೊದಲೇ ಒಣಗಿ ಬಾಡಿದ ಮೊಗ್ಗಿನಿಂದ ಆ ಘಮ ಬಾರದು. ನನಗಂತೂ ಮಲ್ಲಿಗೆಯ ಬಗ್ಗೆ ತಿಳಿದಿರುವ ಸಂಗತಿಗಳಲ್ಲಿ ಇದಕ್ಕಿಂತ ಸೋಜಿಗದ್ದು ಇನ್ನೊಂದಿಲ್ಲ.

ಹೂವಿಗೆ ಕಣ್ಣಿಗೆ ಕಾಣದ ಇನ್ನೊಂದು ಕಂಟಕವಿದೆ: ಎಥಿಲೀನ್ ಅನಿಲ. ಬೀದಿದೀಪದ ಅನಿಲದಲ್ಲಿರುವ ಎಥಿಲೀನ್ ಬಟಾಣಿ ಸಸಿಗಳನ್ನು ಸೊಟ್ಟಗಾಗಿಸುತ್ತದೆಂದು ರಷ್ಯಾದ ದಿಮಿತ್ರಿ ನೆಲ್ಯುಬೊವ್ 1901ರಲ್ಲಿ ತೋರಿಸಿದರು. ಸಸ್ಯಗಳೇ ಈ ಅನಿಲವನ್ನು ತಯಾರಿಸುತ್ತವೆ ಎಂಬುದಕ್ಕೆ 1934ರಲ್ಲಿ ಪುರಾವೆ ಸಿಕ್ಕಿತು. ಮಾಗುತ್ತಿರುವ ಬಾಳೆಹಣ್ಣು, ಸೇಬು ಇದನ್ನು ಧಾರಾಳವಾಗಿ ಬಿಡುತ್ತವೆ. ಕಾರ್ನೇಷನ್, ಆರ್ಕಿಡ್, ಹಲವು ಬಗೆಯ ಗುಲಾಬಿಗಳು ಅದರ ಸೋಂಕಿಗೇ ಮುಪ್ಪಾಗುತ್ತವೆ. ಸೇವಂತಿಗೆ ಮಾತ್ರ ಎಥಿಲೀನ್‌ಗೆ ಅಷ್ಟಾಗಿ ಜಗ್ಗುವುದಿಲ್ಲ. ಆಯುಧಪೂಜೆಗೆ ಹಾಕಿದ ಸೇವಂತಿಗೆ ಹಾರ ದಿನಗಟ್ಟಲೆ ತಾಳುವುದಕ್ಕೆ ಅದೂ ಒಂದು ಕಾರಣ. ಹಾಗಾಗಿ ಹಬ್ಬದ ಹೂವನ್ನೂ ಹಣ್ಣನ್ನೂ ಒಂದೇ ಬುಟ್ಟಿಯಲ್ಲಿ, ಫ್ರಿಜ್ಜಿನ ಒಂದೇ ಖಾನೆಯಲ್ಲಿ ಇಡಬೇಡಿ. ಹೂವನ್ನು ಬಾಳೆಲೆಯಲ್ಲೋ ತೇವದ ಬಟ್ಟೆಯಲ್ಲೋ ಸುತ್ತಿ, ಮುಚ್ಚಳದ ಡಬ್ಬಿಯಲ್ಲಿ ಬೇರೆಯಾಗಿಡಿ.

ಹೂದಾನಿಯ ಗುಲಾಬಿಯದು ಬೇರೆ ಕಷ್ಟ. ಕತ್ತರಿಸಿದ ಕೂಡಲೇ ಕಾಂಡದ ನೀರ್ನಾಳಗಳಿಗೆ ಗಾಳಿ ಗುಳ್ಳೆ ನುಗ್ಗುತ್ತದೆ. ಆಮೇಲೆ ಬ್ಯಾಕ್ಟೀರಿಯಾ ಬೆಳೆದು ತುದಿ ಕಟ್ಟಿಕೊಳ್ಳುತ್ತದೆ. ನೀರಿನೊಳಗೇ ಹಿಡಿದು ತುದಿಯನ್ನು ಒಂದಂಗುಲ ಕತ್ತರಿಸಿ, ಮುಳುಗುವ ಎಲೆಗಳನ್ನು ತೆಗೆದು, ದಿನವೂ ನೀರು ಬದಲಿಸಿದರೆ ಸಾಕು.

ಈಗ ಜಗಲಿಯ ಕುಂಡಗಳಿಗೆ ಬರೋಣ. ಮನೆಯೊಳಗಿನ ಗಿಡಗಳು ಸಾಯುವುದು ಬಾಯಾರಿ ಅಂದುಕೊಂಡಿದ್ದೇವೆ. ಹೆಚ್ಚಿನವು ಸಾಯುವುದು ಅತಿಯಾದ ನೀರಿನಿಂದ. ಬೇರಿಗೂ ಆಮ್ಲಜನಕ ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳಿಂದ ಅದು ಸಿಗುತ್ತದೆ. ಆ ಸಂದುಗಳಲ್ಲೆಲ್ಲ ನೀರು ನಿಂತರೆ ಆಮ್ಲಜನಕದ ಸಂಚಾರ ಗಾಳಿಯಲ್ಲಿದ್ದುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗುತ್ತದೆ. ಉಸಿರುಗಟ್ಟಿದ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರೆತ್ತಲಾರದು, ಎಲೆ ಜೋತುಬೀಳುತ್ತದೆ. ಅದನ್ನು ಕಂಡು ನಾವು ಅಯ್ಯೋ ಎಂದು ಇನ್ನೊಂದು ಚೊಂಬು ನೀರು ಸುರಿಯುತ್ತೇವೆ. ಎಷ್ಟು ಗಿಡಗಳು ಹೀಗೆ ನಮ್ಮ ಅಕ್ಕರೆಗೇ ಬಲಿಯಾಗಿವೆಯೋ!

ಹಾಗಾದರೆ ಬಾಟಲಿಯ ನೀರಿನಲ್ಲೇ ಮನಿಪ್ಲಾಂಟ್ ಬದುಕುವುದು ಹೇಗೆ? ನೀರಿನಲ್ಲಿ ಹುಟ್ಟಿದ ಬೇರುಗಳ ರಚನೆ ಅಲ್ಲಿಗೆ ಹೊಂದಿಕೊಂಡಿರುತ್ತದೆ, ನೀರಿನಲ್ಲಿ ಕರಗಿದ ಅಲ್ಪಸ್ವಲ್ಪ ಆಮ್ಲಜನಕದಲ್ಲೇ ಅವು ನಿಭಾಯಿಸುತ್ತವೆ. ವಾರಕ್ಕೊಮ್ಮೆ ನೀರು ಬದಲಿಸುವುದು ಅದಕ್ಕಾಗಿ. ಅಂದಹಾಗೆ, ಪೆಸಿಫಿಕ್ ಸಾಗರದ ಮೊರೆಯ ದ್ವೀಪ ಮೂಲದ ಈ ಬಳ್ಳಿ ತಾನಾಗಿ ಹೂ ಬಿಡುವುದೇ ಇಲ್ಲವೆನ್ನಬಹುದು. ಹೂ ಬಿಡಲು ಬೇಕಾದ ಜಿಬ್ಬರೆಲಿನ್ ಎಂಬ ಹಾರ್ಮೋನನ್ನು ತಯಾರಿಸುವ ಒಂದು ಜೀನ್ ಇದರಲ್ಲಿ ಕೆಲಸ ಮಾಡುತ್ತಿಲ್ಲವೆಂದು 2016ರಲ್ಲಿ ತಿಳಿದುಬಂತು.

ಕುಂಡದ ತಳಕ್ಕೆ ಜಲ್ಲಿ ತುಂಬಿದರೆ ನೀರು ಚೆನ್ನಾಗಿ ಬಸಿಯುತ್ತದೆಂಬ ನಂಬಿಕೆ ತಪ್ಪು. ನುಣುಪು ಮಣ್ಣು ಪೂರ್ತಿ ನೆನೆಯುವವರೆಗೆ ನೀರು ದಪ್ಪ ಜಲ್ಲಿಗೆ ಇಳಿಯುವುದಿಲ್ಲ. ಬೇರಿಗೆ ಒಣ ಜಾಗ ಇನ್ನಷ್ಟು ಕಡಿಮೆಯಾಗುತ್ತದೆ. ತಳದಲ್ಲಿ ತೂತಿರಲಿ, ಮಣ್ಣಿಗೆ ಮರಳು, ತೆಂಗಿನ ನಾರಿನ ಪುಡಿ ಬೆರೆತಿರಲಿ. ಇಂಥದೇ ಇನ್ನೊಂದು ನಂಬಿಕೆಯಿಂದ, ಮನೆಯ ಗಾಳಿಯನ್ನು ಶುದ್ಧಿ ಮಾಡುತ್ತವೆಂದು ಗಿಡ ಮಾರುವುದೂ ಉಂಟು. ಆ ಮಾತಿಗೆ ಆಧಾರವಾದ 1989ರ ನಾಸಾ ಪ್ರಯೋಗದಲ್ಲಿ ಗಿಡಗಳಿದ್ದದ್ದು ಗಾಳಿಯಾಡದ ಪುಟ್ಟ ಪೆಟ್ಟಿಗೆಗಳಲ್ಲಿ. ಇಂಥ ಪ್ರಯೋಗಗಳನ್ನೆಲ್ಲ 2019ರಲ್ಲಿ ಮತ್ತೆ ಲೆಕ್ಕ ಹಾಕಿದಾಗ, ಕಿಟಕಿ ಬಾಗಿಲುಗಳ ಗಾಳಿಯಾಟಕ್ಕೆ ಸರಿಗಟ್ಟಲು ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡ ಬೇಕೆಂದು ಕಂಡುಬಂತು. ಹಸಿರು ಕಣ್ಣಿಗೆ ತಂಪು, ಮನಸ್ಸಿಗೆ ಹಿತ. ಗಿಡ ಸಾಕಲು ಅಷ್ಟು ಕಾರಣ ಸಾಲದೇ?

ನಾಳೆ ಕುಂಡಕ್ಕೆ ನೀರು ಹಾಕುವ ಮುನ್ನ ಬೆರಳನ್ನು ಎರಡು ಅಂಗುಲ ಮಣ್ಣಿಗೆ ಇಳಿಸಿ ನೋಡಿ. ತೇವ ತಗುಲಿದರೆ ಅಂದು ನೀರು ಬೇಡ.