ಚಿತ್ರಕಲೆ, ವಿನ್ಯಾಸ ಕಾಲೇಜು: ಶುಲ್ಕ ಕಟ್ಟುವ ಮುನ್ನ ಪದವಿ ಯಾರದೆಂದು ಕೇಳಿ

ಎರಡು ವರ್ಷಗಳ ಹಿಂದಿನ ಬೇಸಿಗೆಯಲ್ಲಿ ಧಾರಾಪುರಂನ ನೇಕಾರ ತಂದೆಯೊಬ್ಬರು ಮಗಳನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಿದ್ದರು. ಅವರ ಕೈಯಲ್ಲಿ ಎರಡು ವಸ್ತುಗಳಿದ್ದವು. ಒಂದು, ಮಗಳ ಚಿತ್ರಪುಸ್ತಕ. ಇನ್ನೊಂದು, ಖಾಸಗಿ ವಿನ್ಯಾಸ ಸಂಸ್ಥೆಯೊಂದಕ್ಕೆ ಮುಂಗಡ ಕಟ್ಟಿದ ರಸೀದಿ. “ಡಿಗ್ರಿ ಅಂತ ಹೇಳಿದ್ರು ಮೇಷ್ಟ್ರೇ, ಇದರಲ್ಲಿ ಹಾಗೇ ಬರೆದಿದೆಯಾ ನೋಡಿ” ಎಂದರು. ರಸೀದಿಯಲ್ಲಿ ಡಿಪ್ಲೊಮಾ ಎಂದಿತ್ತು. ಅವರು ಸಹಿ ಮಾಡಿದ್ದ ಇಂಗ್ಲಿಷ್ ಅರ್ಜಿಯ ಕೊನೆಯ ಸಾಲಿನಲ್ಲಿ, ಕಟ್ಟಿದ ಹಣವನ್ನು ಯಾವ ಕಾರಣಕ್ಕೂ ಹಿಂತಿರುಗಿಸಲಾಗದು ಎಂದೂ ಇತ್ತು. ಆ ಹಣ ಮರಳಿ ಬರಲೇ ಇಲ್ಲ.

ಆ ತಂದೆ ಅಜಾಗರೂಕರೇನಲ್ಲ. ನೂಲಿನ ಎಳೆಯನ್ನು ಬೆರಳಿನಿಂದ ಸವರಿಯೇ ಅದರ ಗುಣವನ್ನು ಹೇಳಬಲ್ಲವರು. ಆದರೆ ಹವಾನಿಯಂತ್ರಿತ ಕೊಠಡಿಯಲ್ಲಿ ಇಂಗ್ಲಿಷಿನಲ್ಲಿ ಮಾತನಾಡುವವರ ಎದುರು ಕುಳಿತಾಗ, ಕೇಳಬೇಕಾದ ಪ್ರಶ್ನೆಯನ್ನು ಅವರು ನುಂಗಿಕೊಂಡರು. ಭಾಷೆಯ ಅಂಜಿಕೆಯಿಂದ ನಮ್ಮ ಕುಟುಂಬಗಳಿಗೆ ಆಗುವ ನಿಜವಾದ ನಷ್ಟ ಇದೇ ಎಂದು ನಾವು ತಿಳಿದಿದ್ದೇವೆ. ಆದ್ದರಿಂದ ಸಣ್ಣ ಖಾಸಗಿ ಕಲಾ ಮತ್ತು ವಿನ್ಯಾಸ ಕಾಲೇಜಿಗೆ ಅರ್ಜಿ ಹಾಕುವುದು ಹೇಗೆ, ಏನನ್ನು ಕೇಳಬೇಕು, ಸೇರಿದ ಮೇಲೆ ಅಲ್ಲಿನ ಓದು ಹೇಗಿರುತ್ತದೆ ಎಂಬುದನ್ನು ಇಲ್ಲಿ ವಿವರಿಸುತ್ತಿದ್ದೇವೆ.

ವಿನ್ಯಾಸ ನಮಗೆ ಹೊಸದಲ್ಲ

1799ರವರೆಗೆ ಕೊಯಮತ್ತೂರು ಸೀಮೆಯೊಡನೆ ಧಾರಾಪುರಂ ಕೂಡ ಮೈಸೂರಿನ ಆಳ್ವಿಕೆಗೆ ಒಳಪಟ್ಟಿತ್ತು. ಈ ಸೀಮೆಯ ದೇವಾಂಗ ಮನೆಗಳಲ್ಲಿ ಇಂದಿಗೂ ಕನ್ನಡವೇ ಮನೆಮಾತು. ಓದುಬರಹ ಮಾತ್ರ ತಮಿಳಿನಲ್ಲಿ. ತಾಳವಾಡಿ, ಹೊಸೂರು ಭಾಗಗಳಲ್ಲಿ ಕನ್ನಡ ಮಾಧ್ಯಮ ಶಾಲೆಗಳೂ ಉಳಿದಿವೆ. ಮೇಲೆ ಹೇಳಿದ ಬಾಲಕಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದವಳು.

ಸೀರೆಯ ಅಂಚಿಗೂ ಸೆರಗಿಗೂ ಬಣ್ಣ ಹೊಂದಿಸುವುದು, ಚೌಕುಳಿ ಕಾಗದದ ಮೇಲೆ ಹೂಬಳ್ಳಿಯನ್ನು ಎಣಿಸಿ ಬರೆಯುವುದು, ಅದನ್ನು ಜಕಾರ್ಡ್ ಮಗ್ಗದ ರಂಧ್ರಪಟ್ಟಿಗೆ ಇಳಿಸುವುದು, ಇವೆಲ್ಲವೂ ವಿನ್ಯಾಸವೇ. ನೆಗಮಂ ಸೀರೆಯನ್ನೂ ಭವಾನಿಯ ಜಮಖಾನೆಯನ್ನೂ ನೋಡುತ್ತ ಬೆಳೆದ ಮಗುವಿಗೆ ವಿನ್ಯಾಸ ಕಾಲೇಜು ಪರಕೀಯವಾಗಬೇಕಾಗಿಲ್ಲ.

ಮೊದಲು ಒಂದು ಭೇದವನ್ನು ಅರಿಯಬೇಕು. ಚಿತ್ರಕಲೆ, ಶಿಲ್ಪ, ಮುದ್ರಣಕಲೆ, ಕಲೆಯ ಇತಿಹಾಸ ಇವುಗಳನ್ನು ಕಲಿಸುವುದು ಲಲಿತಕಲಾ ಕಾಲೇಜು. ಅಲ್ಲಿನ ಪದವಿ ಸಾಮಾನ್ಯವಾಗಿ ನಾಲ್ಕು ವರ್ಷದ್ದು, ತಮಿಳುನಾಡಿನಲ್ಲಿ ಬಿ.ಎಫ್.ಎ., ಕರ್ನಾಟಕದಲ್ಲಿ ಬಿ.ವಿ.ಎ. ಎಂಬ ಹೆಸರು. ಮತ್ತೊಬ್ಬರು ಬಳಸುವ ವಸ್ತುವನ್ನು, ಅಂದರೆ ಉಡುಪು, ಪೀಠೋಪಕರಣ, ಪೊಟ್ಟಣ, ಫಲಕ, ಮೊಬೈಲ್ ಪರದೆ ಮುಂತಾದವನ್ನು, ಬಳಸುವವರ ಅಗತ್ಯಕ್ಕೆ ತಕ್ಕಂತೆ ರೂಪಿಸಲು ಕಲಿಸುವುದು ವಿನ್ಯಾಸ ಕಾಲೇಜು. ಅಲ್ಲಿನ ಬಿ.ಡಿಸೈನ್ ಪದವಿಯೂ ನಾಲ್ಕು ವರ್ಷದ್ದು. ಉಡುಪು ಮತ್ತು ಫ್ಯಾಷನ್ ವಿಷಯದ ಮೂರು ವರ್ಷದ ಬಿ.ಎಸ್ಸಿ. ಪದವಿಗಳೂ ನಮ್ಮ ಭಾಗದಲ್ಲಿವೆ.

ಹತ್ತಿರ ಏನಿದೆ?

ಧಾರಾಪುರಂನಿಂದ ಸುಮಾರು 50 ಕಿ.ಮೀ. ದೂರದ ತಿರುಪ್ಪೂರಿನಲ್ಲಿ ನಿಫ್ಟ್-ಟೀ ಹೆಣಿಗೆ ಫ್ಯಾಷನ್ ಕಾಲೇಜು ಇದೆ. ತಿರುಪ್ಪೂರು ರಫ್ತುದಾರರ ಸಂಘದ ಪ್ರಯತ್ನದಿಂದ 1997ರಲ್ಲಿ ಆರಂಭವಾದ ಇದು ಭಾರತಿಯಾರ್ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದ ಕಾಲೇಜು. ಹೆಸರಿನಲ್ಲಿ ನಿಫ್ಟ್ ಎಂದಿರುವುದರಿಂದ ಅನೇಕ ಪಾಲಕರು ಇದನ್ನು ಕೇಂದ್ರ ಸರ್ಕಾರದ ನಿಫ್ಟ್ ಎಂದೇ ಭಾವಿಸುತ್ತಾರೆ. ಚೆನ್ನೈ, ಬೆಂಗಳೂರು ಮೊದಲಾದೆಡೆ ಆವರಣಗಳಿರುವ ಕೇಂದ್ರದ ನಿಫ್ಟ್ ಬೇರೆ, ಇದು ಬೇರೆ. ಎರಡರ ಪ್ರವೇಶಕ್ರಮವೂ ಪದವಿಪತ್ರವೂ ಬೇರೆ ಬೇರೆ.

ಸುಮಾರು 80 ಕಿ.ಮೀ. ದೂರದ ಕೊಯಮತ್ತೂರಿನ ಕಡೆ ಹೋದರೆ, ಪೊಳ್ಳಾಚಿ ರಸ್ತೆಯ ಒತ್ತಕ್ಕಲ್‌ಮಂಟಪಂನಲ್ಲಿ ಡಿಜೆ ಅಕಾಡೆಮಿ ಆಫ್ ಡಿಸೈನ್ ಎಂಬ ಸಣ್ಣ ಖಾಸಗಿ ಸಂಸ್ಥೆಯಿದೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಬೋಧಿಸಿದ್ದ ಎಸ್. ಬಲರಾಮ್ ಅದರ ಬೆಳವಣಿಗೆಯಲ್ಲಿ ಪ್ರಮುಖ ಪಾತ್ರ ವಹಿಸಿದವರು.

ಸಣ್ಣ ಖಾಸಗಿ ಕಲಾಶಾಲೆ ಎಂದೊಡನೆ ಕೀಳೆಂದು ತಿಳಿಯಬೇಕಾಗಿಲ್ಲ. ಬಾದಾಮಿಯಲ್ಲಿ ಹುಟ್ಟಿದ ಆರ್.ಎಂ. ಹಡಪದ್ ಅವರು ಬೆಂಗಳೂರಿನಲ್ಲಿ ಕಟ್ಟಿದ ಕೆನ್ ಕಲಾಶಾಲೆ ದೊಡ್ಡ ಕಟ್ಟಡದಿಂದ ಹೆಸರಾದುದಲ್ಲ. ಗುರುಶಿಷ್ಯರ ನಿಕಟತೆಯಿಂದ ಹೆಸರಾದದ್ದು. ಅಲ್ಲಿ ಕಲಿತ ಅನೇಕರು ಕನ್ನಡನಾಡಿನ ಕಲಾವಿದರಾಗಿ ಬೆಳೆದರು. ಸಣ್ಣ ಕಾಲೇಜಿನಲ್ಲಿ ಅಧ್ಯಾಪಕರು ಪ್ರತಿ ವಿದ್ಯಾರ್ಥಿಯ ಕೈಯನ್ನೂ ಬಲ್ಲರು. ಆದರೆ ಅಧ್ಯಾಪಕರ ಸಂಖ್ಯೆ ಕಡಿಮೆ ಇರಬಹುದು, ಕಾರ್ಯಾಗಾರ ಮತ್ತು ಗ್ರಂಥಾಲಯ ಚಿಕ್ಕವಿರಬಹುದು, ವಿದ್ಯಾರ್ಥಿಗಳು ಸಾಕಷ್ಟು ಸೇರದಿದ್ದರೆ ಒಂದು ವಿಭಾಗವೇ ನಿಂತುಹೋಗಬಹುದು. ಗುಣ, ಮಿತಿ ಎರಡನ್ನೂ ತೂಗಿ ನೋಡಬೇಕು.

ಮೊದಲ ಪ್ರಶ್ನೆ: ಪದವಿ ಯಾರು ಕೊಡುತ್ತಾರೆ?

1956ರ ಯುಜಿಸಿ ಕಾಯಿದೆಯ 22ನೆಯ ಕಲಮಿನ ಪ್ರಕಾರ, ಕಾನೂನಿನಿಂದ ಸ್ಥಾಪಿತವಾದ ವಿಶ್ವವಿದ್ಯಾಲಯ, ಪರಿಗಣಿತ ವಿಶ್ವವಿದ್ಯಾಲಯ ಅಥವಾ ಸಂಸತ್ತು ವಿಶೇಷವಾಗಿ ಅಧಿಕಾರ ನೀಡಿದ ಸಂಸ್ಥೆ ಮಾತ್ರ ಪದವಿಯನ್ನು ನೀಡಬಹುದು. ಸಣ್ಣ ಖಾಸಗಿ ಕಾಲೇಜು ತಾನೇ ಪದವಿ ಕೊಡಲಾರದು. ಅದು ಒಂದು ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಗಿರಬೇಕು. ಇಲ್ಲವಾದರೆ ತನ್ನದೇ ಡಿಪ್ಲೊಮಾ ಅಥವಾ ಪ್ರಮಾಣಪತ್ರವನ್ನು ಮಾತ್ರ ಕೊಡಬಲ್ಲದು. ಅಂಥ ಡಿಪ್ಲೊಮಾದಿಂದ ಕೆಲವು ಖಾಸಗಿ ಉದ್ಯೋಗಗಳು ದೊರೆಯಬಹುದು. ಆದರೆ ಸ್ನಾತಕೋತ್ತರ ಓದಿಗೆ, ಸರ್ಕಾರಿ ಹುದ್ದೆಗೆ, ಕಲಾಶಿಕ್ಷಕರ ಕೆಲಸಕ್ಕೆ ಪದವಿಯನ್ನು ಕೇಳಿದಾಗ ಅದು ನೆರವಿಗೆ ಬಾರದು.

ಆದ್ದರಿಂದ ವಿಶ್ವವಿದ್ಯಾಲಯದ ಹೆಸರನ್ನು ಬಾಯಿಮಾತಿನಲ್ಲಿ ಕೇಳಿ ಸುಮ್ಮನಾಗದೆ, ಆ ವರ್ಷದ ಸಂಯೋಜನಾ ಪತ್ರವನ್ನು ನೋಡಬೇಕು. ಮಗು ಸೇರುವ ಕೋರ್ಸಿನ ಹೆಸರೇ ಅದರಲ್ಲಿ ಇರಬೇಕು. ಕಾಲೇಜಿಗೆ ಸಂಯೋಜನೆ ಇದ್ದು, ಆ ಕೋರ್ಸಿಗೆ ಮಾತ್ರ ಇಲ್ಲದಿರುವುದೂ ಉಂಟು. ವಿಶ್ವವಿದ್ಯಾಲಯದ ಜಾಲತಾಣದ ಸಂಯೋಜಿತ ಕಾಲೇಜುಗಳ ಪಟ್ಟಿಯೊಡನೆ ಅದನ್ನು ಹೋಲಿಸುವುದು ಹತ್ತು ನಿಮಿಷದ ಕೆಲಸ.

ಇದಕ್ಕೂ ಹಣಕ್ಕೂ ನೇರ ಸಂಬಂಧವಿದೆ. ಯುಜಿಸಿಯ 2018ರ ಅಧಿಸೂಚನೆಯಂತೆ, ಪ್ರವೇಶದ ಅಧಿಕೃತ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮುಂಚೆ ಸೀಟು ಬಿಟ್ಟರೆ, ಸಂಸ್ಕರಣೆಗೆಂದು ಒಂದು ಅಲ್ಪ ಮೊತ್ತವನ್ನು ಕಳೆದು ಪೂರ್ಣ ಶುಲ್ಕ ಮರಳಬೇಕು. ಕೊನೆಯ ದಿನಕ್ಕೆ 15 ದಿನಗಳಿಗಿಂತ ಕಡಿಮೆ ಇದ್ದಾಗ ಬಿಟ್ಟರೆ ಶೇ. 90, ಕೊನೆಯ ದಿನ ಕಳೆದು 15 ದಿನಗಳೊಳಗೆ ಶೇ. 80, ಆ ನಂತರ 30 ದಿನಗಳವರೆಗೆ ಶೇ. 50. ಮೂಲ ಅಂಕಪಟ್ಟಿಗಳನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ, ಪರಿಶೀಲಿಸಿ ಹಿಂತಿರುಗಿಸಬೇಕು. ಈ ರಕ್ಷಣೆ ವಿಶ್ವವಿದ್ಯಾಲಯ ಮತ್ತು ಅವುಗಳ ಸಂಯೋಜಿತ ಕಾಲೇಜುಗಳ ವಿದ್ಯಾರ್ಥಿಗಳಿಗೆ ಸಿಗುವಂಥದ್ದು. ಸಂಯೋಜನೆಯಿಲ್ಲದ ಸಂಸ್ಥೆಗೆ ಕಟ್ಟಿದ ಹಣಕ್ಕೆ ಸಿಗದು. ಧಾರಾಪುರಂನ ಆ ತಂದೆಗೆ ನಾವು ಬರೆದುಕೊಟ್ಟ ಪತ್ರ ಫಲಿಸದೆ ಹೋದದ್ದು ಇದೇ ಕಾರಣದಿಂದ.

ಅರ್ಜಿಯಲ್ಲಿ ಭಾಷೆ ಎದುರಾಗುವ ಮೂರು ಕಡೆ

ಹನ್ನೆರಡನೆಯ ತರಗತಿಯಲ್ಲಿ ಯಾವ ವಿಭಾಗದಲ್ಲಿ ತೇರ್ಗಡೆಯಾಗಿದ್ದರೂ ಬಹುಪಾಲು ವಿನ್ಯಾಸ ಪದವಿಗಳಿಗೆ ಅರ್ಜಿ ಹಾಕಬಹುದು. ಅರ್ಜಿಯ ಹೃದಯವೆಂದರೆ ಪೋರ್ಟ್‌ಫೋಲಿಯೊ, ಅಂದರೆ ಮಗುವಿನ ಕೃತಿಗಳ ಸಂಪುಟ. ಅದಕ್ಕೆ ಭಾಷೆಯ ಹಂಗಿಲ್ಲ. ಹದಿನೈದು ಇಪ್ಪತ್ತು ಕೃತಿಗಳಿದ್ದರೆ ಸಾಕು. ಸಿನಿಮಾ ನಟರ ಛಾಯಾಚಿತ್ರಗಳನ್ನು ನೋಡಿ ತಿದ್ದಿ ತೀಡಿದ ಚಿತ್ರಗಳಿಗಿಂತ, ಕಣ್ಣಾರೆ ಕಂಡು ಬಿಡಿಸಿದವುಗಳಿಗೆ ಬೆಲೆ ಹೆಚ್ಚು: ಲಾಳಿ ಹಿಡಿದ ಅಜ್ಜಿಯ ಕೈ, ಸಂತೆಯ ತಕ್ಕಡಿ, ಅಮರಾವತಿ ನದಿಯ ದಂಡೆ. ಅಂತಿಮ ಚಿತ್ರದ ಜೊತೆಗೆ ಅದಕ್ಕೆ ಮುನ್ನ ಗೀಚಿದ ಕರಡುಗಳನ್ನೂ ಇಡಬೇಕು. ಮಗು ಹೇಗೆ ಯೋಚಿಸಿತೆಂಬುದು ಅಲ್ಲಿ ಕಾಣುತ್ತದೆ. ಹಗಲು ಬೆಳಕಿನಲ್ಲಿ, ನೆರಳು ಬೀಳದಂತೆ ಛಾಯಾಚಿತ್ರ ತೆಗೆದು, ಮೂಲಪ್ರತಿಗಳನ್ನು ಮನೆಯಲ್ಲೇ ಇಟ್ಟುಕೊಳ್ಳಬೇಕು.

ಭಾಷೆ ಎದುರಾಗುವ ಮೊದಲ ಕಡೆ ಪ್ರವೇಶ ಪರೀಕ್ಷೆ. ಕೇಂದ್ರದ ನಿಫ್ಟ್ ಪರೀಕ್ಷೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ, ಐಐಟಿ ಬಾಂಬೆ ನಡೆಸುವ ಯುಸೀಡ್ ಇಂಗ್ಲಿಷಿನಲ್ಲಿ ನಡೆಯುತ್ತವೆ. ಕನ್ನಡದಲ್ಲೂ ಇಲ್ಲ, ತಮಿಳಿನಲ್ಲೂ ಇಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಂವಿಧಾನದ 350ಎ ವಿಧಿಯ ಆಸರೆಯಿದೆ. ಉನ್ನತ ಶಿಕ್ಷಣದ ಬಾಗಿಲಲ್ಲಿ ಅಂಥ ಆಸರೆಯಿಲ್ಲ. ಇದರ ವಿರುದ್ಧದ ನಮ್ಮ ಬೇಡಿಕೆ ನಿಂತಿಲ್ಲ. ಆದರೆ ಬೇಡಿಕೆ ಈಡೇರುವವರೆಗೆ ಮಗು ಕಾಯಲಾರದು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಒಂದು ವರ್ಷ ಮೊದಲೇ ಓದಿಸಬೇಕು. ಸಣ್ಣ ಕಾಲೇಜುಗಳಲ್ಲಿ ಸ್ವಂತ ಪರೀಕ್ಷೆ ಇದ್ದರೆ, ಉತ್ತರವನ್ನು ತಮಿಳಿನಲ್ಲಿ ಅಥವಾ ಕನ್ನಡದಲ್ಲಿ ಬರೆಯಬಹುದೇ ಎಂದು ಮುಂಚಿತವಾಗಿ ಪತ್ರಮುಖೇನ ಕೇಳಬಹುದು.

ಎರಡನೆಯದು, ಈ ಓದನ್ನು ಏಕೆ ಆರಿಸಿದೆ ಎಂಬ ಸ್ವವಿವರಣೆ. ಮಗು ಅದನ್ನು ಮೊದಲು ಕನ್ನಡದಲ್ಲೇ ಬರೆಯಲಿ. ಆ ಬಳಿಕ ಶಿಕ್ಷಕರ ನೆರವಿನಿಂದ ಸರಳ ಇಂಗ್ಲಿಷಿಗೆ ತರಲಿ. ಅಂಗಡಿಯಲ್ಲಿ ಹಣ ಕೊಟ್ಟು ಬರೆಸಿದ ಅಲಂಕೃತ ಇಂಗ್ಲಿಷು ಸಂದರ್ಶನದ ಮೊದಲ ಪ್ರಶ್ನೆಗೇ ಬಯಲಾಗುತ್ತದೆ.

ಮೂರನೆಯದು ಸಂದರ್ಶನ. ಪ್ರತಿ ಚಿತ್ರದ ಬಗ್ಗೆ ನಾಲ್ಕು ವಾಕ್ಯ ಸಾಕು: ಏನು ಕಂಡೆ, ಏಕೆ ಆರಿಸಿದೆ, ಯಾವುದರಿಂದ ಮಾಡಿದೆ, ಎಲ್ಲಿ ಸೋತೆ. ತಿಳಿಯದ್ದನ್ನು ತಿಳಿಯದು ಎನ್ನುವ ಮಗುವನ್ನು ಒಳ್ಳೆಯ ಅಧ್ಯಾಪಕರು ಗುರುತಿಸುತ್ತಾರೆ.

ಕರ್ನಾಟಕದ ಕಾಲೇಜುಗಳಿಗೆ ಅರ್ಜಿ ಹಾಕುವವರಿಗೆ ಒಂದು ಮಾತು. ಅಲ್ಲಿನ ವೃತ್ತಿಶಿಕ್ಷಣ ಪ್ರವೇಶದಲ್ಲಿ ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ವಿಭಾಗಗಳಿವೆ. ಆದರೆ ಖಾಸಗಿ ಚಿತ್ರಕಲಾ ಕಾಲೇಜಿಗೂ ಅವು ತಾವಾಗಿಯೇ ಅನ್ವಯಿಸುತ್ತವೆ ಎಂದು ಭಾವಿಸದೆ, ಆಯಾ ಕಾಲೇಜನ್ನೇ ಕೇಳಬೇಕು.

ಶುಲ್ಕಪಟ್ಟಿಯಲ್ಲಿ ಕಾಣದ ಖರ್ಚು

ಬೋಧನಾ ಶುಲ್ಕವಷ್ಟೇ ಖರ್ಚಲ್ಲ. ಕಾಗದ, ಬಣ್ಣ, ಬಟ್ಟೆ, ಮಾದರಿ ತಯಾರಿಕೆಯ ಸಾಮಗ್ರಿ, ಮುದ್ರಣ, ಅಧ್ಯಯನ ಪ್ರವಾಸ, ಎರಡನೆಯ ವರ್ಷದ ಹೊತ್ತಿಗೆ ಲ್ಯಾಪ್‌ಟಾಪು, ಇವೆಲ್ಲ ಬೇರೆ. ಈಗ ಓದುತ್ತಿರುವ ಹಿರಿಯ ವಿದ್ಯಾರ್ಥಿಯೊಬ್ಬರನ್ನು ಕಂಡು, ಒಂದು ವರ್ಷಕ್ಕೆ ಸಾಮಗ್ರಿಗೆಂದು ಎಷ್ಟಾಯಿತು ಎಂದು ಕೇಳಿ. ಕಚೇರಿ ಹೇಳುವ ಲೆಕ್ಕಕ್ಕಿಂತ ಆ ಉತ್ತರ ಹೆಚ್ಚು ನಂಬಲರ್ಹ. ತಿರುಪ್ಪೂರಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುವುದು ಸಾಧ್ಯ. ಆದರೆ ಸಂಜೆಯ ಕಾರ್ಯಾಗಾರದ ಕೆಲಸ ತಡವಾದಾಗ ಹೆಣ್ಣುಮಕ್ಕಳಿಗೆ ಉಳಿಯಲು ಏನು ವ್ಯವಸ್ಥೆ ಎಂಬುದನ್ನು ಮೊದಲೇ ವಿಚಾರಿಸಬೇಕು.

ಆರರಿಂದ ಹನ್ನೆರಡನೆಯ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ತಮಿಳುನಾಡು ಸರ್ಕಾರ ಉನ್ನತ ಶಿಕ್ಷಣದ ವೇಳೆ ತಿಂಗಳಿಗೆ 1000 ರೂಪಾಯಿ ನೀಡುತ್ತದೆ: ಹೆಣ್ಣುಮಕ್ಕಳಿಗೆ 2022ರಿಂದ ಪುದುಮೈ ಪೆಣ್, ಗಂಡುಮಕ್ಕಳಿಗೆ 2024ರಿಂದ ತಮಿಳ್ ಪುದಲ್ವನ್. ಅನುದಾನಿತ ಶಾಲೆಗಳ ವಿಷಯದಲ್ಲಿ ಮಾತ್ರ ಈ ನೆರವನ್ನು ತಮಿಳು ಮಾಧ್ಯಮದವರಿಗೆ ಎಂದು ಪ್ರಕಟಿಸಲಾಯಿತು. ಹಾಗಾಗಿ ಅನುದಾನಿತ ಕನ್ನಡ ಶಾಲೆಯಲ್ಲಿ ಓದಿದವರು ತಮ್ಮ ಅರ್ಹತೆಯನ್ನು ಕಾಲೇಜಿನಲ್ಲಿ ಲಿಖಿತವಾಗಿ ಕೇಳಬೇಕು. ನಿರಾಕರಣೆ ಬಂದರೆ ಅದರ ಪ್ರತಿಯನ್ನು ನಮಗೆ ತಲುಪಿಸಿ. ಮನವಿಗೆ ಅದೇ ಆಧಾರವಾಗುತ್ತದೆ.

ಸೇರಿದ ಮೇಲೆ

ಮೊದಲ ವರ್ಷ ಬಹುತೇಕ ಎಲ್ಲ ಕಡೆ ಅಡಿಪಾಯದ ಕಲಿಕೆ: ರೇಖೆ, ಬಣ್ಣ, ಆಕಾರ, ವಸ್ತುಗಳ ಗುಣ. ವರ್ಷಾಂತ್ಯದಲ್ಲಿ ಮೂರು ಗಂಟೆ ಬರೆದು ಮುಗಿಸುವ ಓದು ಇದಲ್ಲ. ವಾರವಾರವೂ ಕೆಲಸ ಮಾಡಿ ತೋರಿಸಬೇಕು; ತರಗತಿಗೆ ತಪ್ಪಿಸಿಕೊಂಡರೆ ಕೂಡಿಕೊಳ್ಳುವುದು ಕಷ್ಟ. ಹಬ್ಬಕ್ಕೆಂದೋ ಮದುವೆಗೆಂದೋ ವಾರಗಟ್ಟಲೆ ಮಗುವನ್ನು ಊರಿಗೆ ಕರೆಸಿಕೊಳ್ಳಬಾರದು.

ನಮ್ಮ ಮಕ್ಕಳು ಹೆಚ್ಚು ಹೆದರುವುದು ‘ಜ್ಯೂರಿ’ ಎಂಬ ವಿಮರ್ಶಾ ಸಭೆಗೆ. ವಿದ್ಯಾರ್ಥಿ ತನ್ನ ಕೆಲಸವನ್ನು ಅಧ್ಯಾಪಕರ ಮುಂದಿಟ್ಟು ಸಮರ್ಥಿಸಬೇಕು, ಅದೂ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ. ಮೊದಲ ಎರಡು ಸಲ ನಾಲಿಗೆ ತೊಡರುತ್ತದೆ. ವಾರಕ್ಕೆ ಹತ್ತು ಪಾರಿಭಾಷಿಕ ಪದಗಳನ್ನು ಕನ್ನಡದ ಅರ್ಥದೊಡನೆ ಬರೆದಿಟ್ಟುಕೊಂಡು, ಗೆಳೆಯರ ಮುಂದೆ ಹೇಳಿ ರೂಢಿಸಿಕೊಂಡರೆ ವರ್ಷ ಮುಗಿಯುವಷ್ಟರಲ್ಲಿ ಅಂಜಿಕೆ ಕರಗುತ್ತದೆ. ತಮಿಳುನಾಡಿನ ವಿಶ್ವವಿದ್ಯಾಲಯಗಳ ಪದವಿಗಳಲ್ಲಿ ಶಾಲೆಯಲ್ಲಿ ತಮಿಳು ಓದದವರಿಗೆ ಮೂಲ ತಮಿಳು ಎಂಬ ಪತ್ರಿಕೆ ಇರುತ್ತದೆ. ಮೊದಲ ಭಾಗದ ಭಾಷೆಯಾಗಿ ಏನನ್ನು ಆರಿಸಬಹುದು ಎಂಬುದನ್ನು ಪ್ರವೇಶದ ದಿನವೇ ಕೇಳಿ ಬರೆಸಬೇಕು.

ಧಾರಾಪುರಂನ ಆ ಬಾಲಕಿಗೆ ಒಂದು ವರ್ಷ ಕಳೆದುಹೋಯಿತು. ಆ ವರ್ಷವಿಡೀ ಅವಳು ಮನೆಯ ಮಗ್ಗವನ್ನೇ ಬಿಡಿಸಿದಳು. ಮರುವರ್ಷ ಸಂಯೋಜಿತ ಕಾಲೇಜೊಂದರಲ್ಲಿ ಸೀಟು ದೊರೆಯಿತು. ಆ ಸಲ ಕಾಲೇಜಿನ ಕಚೇರಿಗೆ ಹೋಗುವಾಗ ತಂದೆಯ ಜೇಬಿನಲ್ಲಿ ಕನ್ನಡದಲ್ಲಿ ಬರೆದ ಒಂದು ಚೀಟಿ ಇತ್ತು. ಅದರ ಐದು ಪ್ರಶ್ನೆಗಳು ಇವು: ಪದವಿ ಯಾವ ವಿಶ್ವವಿದ್ಯಾಲಯದ್ದು? ಈ ಕೋರ್ಸಿನ ಸಂಯೋಜನಾ ಪತ್ರ ತೋರಿಸುವಿರಾ? ನಾಲ್ಕು ವರ್ಷಕ್ಕೆ ಒಟ್ಟು ಖರ್ಚೆಷ್ಟು? ಸೀಟು ಬಿಟ್ಟರೆ ಹಣ ಎಷ್ಟು, ಯಾವಾಗ ಮರಳುತ್ತದೆ? ಮೂಲ ದಾಖಲೆಗಳನ್ನು ಇಂದೇ ಹಿಂತಿರುಗಿಸುವಿರಾ?

ಈ ಚೀಟಿಯನ್ನು ನೀವೂ ಬರೆದಿಟ್ಟುಕೊಳ್ಳಿ. ಮನೆಮಾತಿನಲ್ಲೇ ಕೇಳಿ, ಉತ್ತರವನ್ನು ಕಾಗದದ ಮೇಲೆ ಪಡೆಯಿರಿ. ಸಹಿ ಹಾಕುವ ಮುನ್ನ ಅರ್ಜಿಯನ್ನು ಹತ್ತಿರದ ಕನ್ನಡ ಶಾಲೆಯ ಶಿಕ್ಷಕರಿಗೆ ತೋರಿಸಿ. ಓದಿ ಅರ್ಥ ಹೇಳುವುದನ್ನು ನಾವು ಉಪಕಾರವೆಂದು ಎಣಿಸುವುದಿಲ್ಲ. ಅದು ನಮ್ಮ ಕೆಲಸವೇ.